ಗಾದಿ ಅಂಗಡಿಗೆ ಬಂದ ಕುದುರೆಗಳು

ಗಾದಿ ಅಂಗಡಿಗೆ ಕುದುರೆ ಬರಬಾರದು ಅಂತ ಕಾನೂನೇನೂ ಇಲ್ಲ. ಅದಕ್ಕೇ ಇರಬೇಕು, ನನ್ನ ಅಂಗಡಿಗೆ ಅವು ಬರುತ್ತಲೇ ಇದ್ದವು, ಒಂದೊಂದು ಬಂದಾಗಲೂ ನನಗೊಂದು ಪೇಚು ತಂದಿಟ್ಟು ಹೋಗುತ್ತಿದ್ದವು.

ಕೊಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದು ಸಣ್ಣ ಅಂಗಡಿ. ಗಾದಿ, ತಲೆದಿಂಬು, ಲೋಡು ಹೊಲಿಯುವುದು ನನ್ನ ಕಸುಬು. ತೊಂಬತ್ತರ ದಶಕದ ಶುರುವಿನಿಂದ ಹದಿನೈದು ವರ್ಷ ಅದರ ಜೊತೆಗೆ ಕುದುರೆಯ ಬೆನ್ನಿಗೂ ಹೊಲಿದುಕೊಟ್ಟೆ. ಜೀನು ಅಲ್ಲ. ಜೀನಿಗೆ ಮರ ಬೇಕು, ಚರ್ಮ ಬೇಕು, ಅದು ಬೇರೆಯವರ ಕೆಲಸ. ನಾನು ಹೊಲಿಯುತ್ತಿದ್ದದ್ದು ತಡಿ. ಅಂದರೆ ಕುದುರೆಯ ಬರಿ ಬೆನ್ನಿನ ಮೇಲೆ ಹಾಸಿ, ಹೊಟ್ಟೆಯ ಕೆಳಗೆ ಪಟ್ಟಿ ಬಿಗಿದು, ಮೇಲೆ ಕೂತುಬಿಡುವ ಮೆತ್ತೆ. ಕೇಳಲು ಸುಲಭ. ಮೇಲೆ ಕೂತವನಿಗೆ ಮೆತ್ತಗಿರಬೇಕು, ಕೆಳಗಿರುವುದಕ್ಕೆ ಒತ್ತಬಾರದು, ಎರಡರ ನಡುವೆ ಜಾರಬಾರದು. ಈ ಮೂರನ್ನೂ ಒಂದೇ ಬಟ್ಟೆಯಲ್ಲಿ ಹೊಲಿಯುವುದು ಕಲಿಯುವಷ್ಟರಲ್ಲಿ ನಾನು ಸ್ಟೇಷನ್ ರಸ್ತೆಯ ಮಂದಿಗೆಲ್ಲ ಸಾಕಷ್ಟು ಮನರಂಜನೆ ಕೊಟ್ಟಿದ್ದೆ.

ನಿಂತೇ ಇರುವ ಗಿರಾಕಿ

ಮೊದಲ ಕುದುರೆಯನ್ನು ತಂದವನು ಕೂಡ್ಲಿಗಿ ಕಡೆಯ ಒಬ್ಬ ಕುರಿಗಾರ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬಾಗಿಲಲ್ಲಿ ನಿಂತು ಕೇಳಿದ:

"ಗಾದಿ ಹೊಲೀತಿಯೇನಪಾ?"

"ಹೊಲೀತೀನಿ ಬಾ ಅಜ್ಜ. ಎಷ್ಟು ಮಂದಿ ಮಕ್ಕೊಳ್ಳೋದು? ಒಬ್ಬರೋ, ಇಬ್ಬರೋ?"

"ಯಾರೂ ಮಕ್ಕೊಳಂಗಿಲ್ಲ. ನಿಂತ ಇರ್ತೈತಿ."

"ನಿಂತಿರ್ತೈತಾ? ಯಾವುದು?"

"ಹೊರಗ ಬಂದು ನೋಡು."

ಹೊರಗೆ ಕಂದು ಬಣ್ಣದ ಗಿಡ್ಡ ಕುದುರೆಯೊಂದು ನಮ್ಮ ಪಕ್ಕದ ಅಂಗಡಿಯವನ ಬಾಳೆಹಣ್ಣಿನ ಗೊನೆಯನ್ನು ಶಾಂತವಾಗಿ ನೋಡುತ್ತ ನಿಂತಿತ್ತು. ಅದರ ಬೆನ್ನಿನ ನಡುವೆ ಅಂಗೈ ಅಗಲದ ಹುಣ್ಣು. ಅಜ್ಜ ಗೋಣಿಚೀಲ ಮಡಚಿ ಹಾಕಿಕೊಂಡು ಕೂರುತ್ತಿದ್ದನಂತೆ, ಅದು ಬೆನ್ನುಹುರಿಯ ಮೇಲೆ ತಿಕ್ಕಿ ತಿಕ್ಕಿ ಹಾಗಾಗಿತ್ತು. ಇನ್ನೊಂದು ತಿಂಗಳಿಗೆ ಅವರ ಹಿಂಡು ಹೊಳೆಸಾಲಿನ ಕಡೆ ಹೊರಡುವುದಿತ್ತು. ಅಜ್ಜನ ಮೊಣಕಾಲು ಹೋಗಿದ್ದವು. ಕುದುರೆ ಹೊರದಿದ್ದರೆ ಈ ಸಲ ಹಿಂಡಿನ ಜೊತೆ ಅವನು ಹೋಗುವ ಹಾಗಿರಲಿಲ್ಲ. ಹುಟ್ಟಿದಾಗಿನಿಂದ ಒಂದು ವರ್ಷವೂ ಊರಲ್ಲಿ ಕೂತವನಲ್ಲವಂತೆ. ಅದನ್ನು ಹೇಳುವಾಗ ಅವನ ದನಿ ಸಣ್ಣದಾಯಿತು.

ನನಗೆ ಪಾಪ ಅನ್ನಿಸಿತು. ಆದಷ್ಟು ಮೆತ್ತಗೆ ಮಾಡಿಕೊಡೋಣ ಅಂತ ತೀರ್ಮಾನಿಸಿ, ಮದುವೆ ದಿಂಬಿಗೆ ಅಂತ ಇಟ್ಟಿದ್ದ ಬೂರುಗದ ಹತ್ತಿಯನ್ನೇ ತುಂಬಿ, ಒಂದು ಗೇಣು ದಪ್ಪ ಬರುವ ಹಾಗೆ ಹೊಲಿದೆ. ಕುದುರೆಯ ಮೇಲೆ ಹಾಸಿದಾಗ ನೋಡಲು ಬಹಳ ಚೆನ್ನಾಗಿತ್ತು. ಅಜ್ಜ ನನ್ನ ಅಂಗಡಿ ಕಟ್ಟೆಯ ಮೇಲಿಂದ ಹತ್ತಿ ಕೂತ. ಕೂತ ಅನ್ನುವುದಕ್ಕಿಂತ ಮಾಳಿಗೆಯ ಮೇಲೆ ನಿಂತವರ ಹಾಗೆ ಎತ್ತರದಲ್ಲಿ ಕಂಡ. ಕುದುರೆ ಮೂರು ಹೆಜ್ಜೆ ಇಟ್ಟಿತು. ಗಾದಿ ಒಂದು ಕಡೆ ವಾಲಿತು. ಇನ್ನೆರಡು ಹೆಜ್ಜೆಗೆ ಪೂರ್ತಿ ತಿರುಗಿ ಕುದುರೆಯ ಹೊಟ್ಟೆಯ ಕಡೆ ಹೊರಟಿತು. ಅಜ್ಜ ಗಾಬರಿಯಾಗಲಿಲ್ಲ. ಗಾದಿಯ ಜೊತೆಗೇ ನಿಧಾನಕ್ಕೆ ಜಾರುತ್ತ ಬಂದು, ಕಾಲು ನೆಲಕ್ಕೆ ತಾಗಿದ ಮೇಲೆ ಕೈಬಿಟ್ಟು ನಿಂತ.

"ಅಜ್ಜ, ಪೆಟ್ಟಾತೇನು?" ಅಂತ ಓಡಿದೆ.

ಅವನು ಗಾದಿಯನ್ನು ಬಿಚ್ಚಿ, ಎರಡು ಸಲ ಒತ್ತಿ ನೋಡಿ, ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. "ಇಲ್ಲ ತಮ್ಮಾ. ಗಾದಿ ಚಲೋ ಐತಿ. ಇದರ ಮ್ಯಾಲ ನಾ ಮಕ್ಕೊಂತೀನಿ. ಕುದುರಿಗೆ ಬ್ಯಾರೆ ಹೊಲಿ."

ಅವನನ್ನೇ ಕೇಳು

ಎರಡನೆಯದನ್ನು ಅಜ್ಜ ನನ್ನ ಪಕ್ಕದಲ್ಲೇ ಕೂತು ಹೊಲಿಸಿದ. ನಡುವೆ ಬೆನ್ನುಹುರಿಗೆ ಏನೂ ತಾಗದ ಹಾಗೆ ಸಂದು ಬಿಡಬೇಕು, ಆ ಕಡೆ ಈ ಕಡೆ ಎರಡು ಮೆತ್ತೆ ಬರಬೇಕು. ಬೂರುಗದ ಹತ್ತಿ ಬೇಡ, ಹಳೆ ಗಾದಿಯ ಗಟ್ಟಿ ಹತ್ತಿ ಸಾಕು. ದಪ್ಪ ಎರಡು ಬೆರಳು ದಾಟಬಾರದು. ಕೆಳಗೆ ಒರಟು ಕಂಬಳಿ ಇದ್ದರೆ ಕೂದಲು ಹಿಡಿದುಕೊಳ್ಳುತ್ತದೆ, ಜಾರುವುದಿಲ್ಲ. ಹೊಟ್ಟೆಪಟ್ಟಿ ಮುಂಗಾಲಿಗೆ ತಾಗಬಾರದು, ಅಂಗೈ ಅಗಲ ಹಿಂದಿರಬೇಕು. ಗಾದಿ ಹೊಲಿಯುವ ನನಗೆ ಗಾದಿಯ ಬಗ್ಗೆ ಅಷ್ಟು ಪಾಠ ಯಾರೂ ಹೇಳಿರಲಿಲ್ಲ.

ಹುಣ್ಣು ಮಾಯ್ದ ಮೇಲೆ ಅಜ್ಜ ಮತ್ತೆ ಬಂದು, ತಡಿ ಹಾಕಿ, ಕೂಡ್ಲಿಗಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ನಾನು ಪರೀಕ್ಷೆ ಬರೆದವನ ಹಾಗೆ ಬಾಗಿಲಲ್ಲೇ ನಿಂತಿದ್ದೆ.

"ಹೆಂಗಾತಜ್ಜ? ಒತ್ತತೈತೇನು?"

"ನನ್ನನ್ನ್ಯಾಕ ಕೇಳ್ತಿ? ಅವನ್ನ ಕೇಳು."

ತಡಿ ಬಿಚ್ಚಿ ಕುದುರೆಯ ಬೆನ್ನು ತೋರಿಸಿದ. ಎರಡೂ ಕಡೆ ಬೆವರು ಒಂದೇ ಸಮ ಹತ್ತಿತ್ತು, ನಡುವೆ ಹುರಿಯ ಮೇಲೆ ಒಂದು ಗೆರೆ ಒಣಗಿಕೊಂಡೇ ಇತ್ತು. ಬೆವರು ಹತ್ತಿದ ಜಾಗದ ಒಳಗೆ ಎಲ್ಲಿಯಾದರೂ ಒಣ ಕಲೆ ಬಿದ್ದಿದ್ದರೆ ಅಲ್ಲಿ ತಡಿ ಒತ್ತುತ್ತಿದೆ ಅಂತ ಅರ್ಥ, ನಾಳೆ ಅಲ್ಲೇ ಹುಣ್ಣು ಏಳುತ್ತದೆ ಅಂದ. ಕುದುರೆ ಮೈಕೊಡವಿ ನನ್ನ ಭುಜಕ್ಕೆ ಮೂತಿ ಒರೆಸಿತು. ಅಷ್ಟು ಖುಷಿ ನನಗೆ ಯಾವ ಮದುವೆ ಗಾದಿ ಹೊಲಿದಾಗಲೂ ಆಗಿರಲಿಲ್ಲ.

ಅವರ ಹಿಂಡು ತಿರುಗಿ ಬಂದಾಗ ಅಜ್ಜ ಮಾತಾಡಿಸಲು ಬಂದ. ಕೋಲೂರಿಕೊಂಡು ನಡೆದೇ ಬಂದಿದ್ದ.

"ಯಾಕಜ್ಜ, ತಡಿ ಕೆಟ್ಟಿತೇನು? ಕುದುರಿ ಆರಾಮೈತಿಲ್ಲೋ?"

"ಕುದುರಿ ಆರಾಮೈತಿ, ತಡಿನೂ ಆರಾಮೈತಿ. ಹೋಗುವಾಗ ದಾರ್ಯಾಗ ನಮ್ಮ ಮುದುಕಿ, ಒಂದೀಟು ನಾ ಕುಂದ್ರತೀನಿ ಅಂದ್ಲು. ಎರಡು ಕುರಿಮರಿ ಉಡಿಯಾಗ ಇಟ್ಕೊಂಡು ಕುಂತಳ ನೋಡು," ಅಂತ ಅಜ್ಜ ನಿಟ್ಟುಸಿರು ಬಿಟ್ಟ, "ಆಕಿ ಇನ್ನೂ ಇಳಿದಿಲ್ಲ."

ಗಂಟು

ಅಜ್ಜನ ತಡಿಯ ಸುದ್ದಿ ಹಬ್ಬಿತು. ಒಂದಾದ ಮೇಲೊಂದು ಹೊಲಿದೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ಕೇಳಿದಳು: "ಅಲ್ರೀ, ಇಷ್ಟು ಮಂದಿಗೆ ತಡಿ ಹೊಲಿದೀರಿ. ನೀವು ಒಮ್ಮೆರ ಕುದುರಿ ಮ್ಯಾಲ ಕುಂತು ನೋಡೀರೇನು?"

ನಾನು ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೂರುವುದಕ್ಕೂ ಹೆದರುವವನು. ಆದರೂ ಮಾತು ನಾಟಿತು. ಮರುದಿನ ಬೆಳಿಗ್ಗೆಯೇ ಟಾಂಗಾ ಹೊಡೆಯುವ ಚಾಚಾನ ಹತ್ತಿರ ಹೋದೆ. ಅವನ ಬಿಳಿ ಕುದುರೆಗೆ ಹೊಸ ತಡಿ ಕಟ್ಟಿದೆವು.

"ಹತ್ರಿ ಅಣ್ಣಾ, ಹೆದರಬ್ಯಾಡ್ರಿ. ಭಾಳ ಗರೀಬ ಐತಿ ಇದು," ಅಂದ ಚಾಚಾ.

ನಿಜಕ್ಕೂ ಸಾಧು ಪ್ರಾಣಿ. ಊರಾಚೆ ರಸ್ತೆಯಲ್ಲಿ ತಲೆ ತಗ್ಗಿಸಿಕೊಂಡು ನಡೆಯಿತು. ತಡಿ ಒಂದು ನೂಲೂ ಅಲ್ಲಾಡಲಿಲ್ಲ. ಎದುರು ಬಂದವರೆಲ್ಲ ನಮಸ್ಕಾರ ಮಾಡಿದರು. ನಾನೂ ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಂಡತಿ ಈಗ ಈ ದಾರಿಯಲ್ಲಿ ಬರಬೇಕಿತ್ತು ಅಂದುಕೊಂಡೆ.

ಆಗಿನ್ನೂ ನಮ್ಮೂರಿಗೆ ಸಣ್ಣ ಗೇಜಿನ ರೈಲು ಬರುತ್ತಿತ್ತು. ದೂರದಲ್ಲಿ ಅದು ಸೀಟಿ ಹೊಡೆಯಿತು. ಕುದುರೆಯ ಎರಡೂ ಕಿವಿ ನಿಮಿರಿದವು. ಮರುಕ್ಷಣ ಅದು ತಿರುಗಿ ಸ್ಟೇಷನ್ನಿನ ಕಡೆ ಓಟ ಕಿತ್ತಿತು. ಹತ್ತು ವರ್ಷದಿಂದ ಸೀಟಿ ಕೇಳಿದ ಕೂಡಲೆ ಬಾಡಿಗೆಗೆ ಓಡಿದ ಕುದುರೆ ಅದು. ಹಿಂದೆ ಗಾಡಿ ಇದೆಯೋ, ಬೆನ್ನ ಮೇಲೆ ಗಾದಿ ಅಂಗಡಿಯವನಿದ್ದಾನೋ ಅಂತ ಅದು ನೋಡಲಿಲ್ಲ. ತಡಿ ಆಗಲೂ ಜಾರಲಿಲ್ಲ. ನಾನು ಮುಂದಕ್ಕೆ ಜಾರಿದೆ. ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕಣ್ಣು ಮುಚ್ಚಿದವನು, ಕಣ್ಣು ಬಿಟ್ಟಾಗ ಸ್ಟೇಷನ್ನಿನ ಮುಂದೆ ಎರಡು ಟಾಂಗಾಗಳ ನಡುವೆ ಶಿಸ್ತಾಗಿ ಪಾಳಿಯಲ್ಲಿ ನಿಂತಿದ್ದೆ.

ಇಳಿಯಲು ಹತ್ತಿರದಲ್ಲಿ ಕಟ್ಟೆ ಏನಾದರೂ ಇದೆಯೇ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ರೈಲಿಳಿದ ಒಬ್ಬ ಮುದುಕಿ ನೇರವಾಗಿ ನನ್ನ ಹತ್ತಿರ ಬಂದು, ತನ್ನ ಗಂಟನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ಬಸ್‌ಸ್ಟ್ಯಾಂಡಿಗೆ ನಡಿಯಪಾ. ನಿನ್ನ ಗಾಡಿ ಎಲ್ಲೈತಿ?"

"ಗಾಡಿ ಇಲ್ಲಮ್ಮ," ಅನ್ನುವಷ್ಟರಲ್ಲಿ ಕುದುರೆಗೆ ಭಾರ ಬಿದ್ದದ್ದು ಗೊತ್ತಾಗಿ ಬಾಡಿಗೆ ಸಿಕ್ಕಿತೆಂದು ಹೊರಟೇಬಿಟ್ಟಿತು. ಮುದುಕಿ "ನನ್ನ ಗಂಟು! ಗಂಟು!" ಅಂತ ಹಿಂದೆ ಓಡಿದಳು. ನಾನು "ಹಿಡೀರಿ! ಹಿಡೀರಿ!" ಅಂತ ಮುಂದೆ ಕೂಗುತ್ತಿದ್ದೆ. ಬಸ್‌ಸ್ಟ್ಯಾಂಡಿನ ಮುಂದೆ ಕುದುರೆ ತಾನಾಗಿಯೇ ನಿಂತಿತು. ಜನ ಕುದುರೆಯನ್ನು ಬಿಟ್ಟು ನನ್ನನ್ನು ಹಿಡಿದರು. ಗಂಟು ಕಳ್ಳ ಅಂತ ಇಬ್ಬರು ಅಂಗಿ ಕೊರಳಿಗೆ ಕೈಹಾಕಿದರು. ಗಾದಿ ಅಂಗಡಿಯವನು ಅಂದರೆ ಯಾರೂ ನಂಬುತ್ತಿಲ್ಲ.

ಮುದುಕಿ ಏದುಸಿರು ಬಿಡುತ್ತ ಬಂದಳು. ನನ್ನ ಮುಖವನ್ನೊಮ್ಮೆ ನೋಡಿದಳು, ಕುದುರೆಯ ಮುಖವನ್ನೊಮ್ಮೆ ನೋಡಿದಳು.

"ಬಿಡ್ರೆಪ್ಪಾ, ಅವ ಕಳ್ಳ ಅಲ್ಲ," ಅಂದಳು. "ಪಾಪ, ಕುದುರಿನೇ ಗಂಟಿನ ಸಂಗಾಟ ಅವನನ್ನೂ ಕದ್ದು ತಂದೈತಿ."

ಕಾರ್ಡು

ಹಿರೇಹಡಗಲಿಯಿಂದ ಒಬ್ಬರು ಅಂಚೆ ಕಾರ್ಡು ಬರೆದಿದ್ದರು. ಕುದುರೆ ಕೊಂಡಿದ್ದೇನೆ, ಬೆನ್ನು ಇಷ್ಟು, ಹೊಟ್ಟೆಯ ಸುತ್ತಳತೆ ಇಷ್ಟು, ಭದ್ರವಾದ ತಡಿ ಹೊಲಿದಿಡಿ, ಭದ್ರತೆ ಮುಖ್ಯ ಅಂತ ಬರೆದು ಅದರ ಕೆಳಗೆ ಎರಡು ಸಲ ಗೆರೆ ಎಳೆದಿದ್ದರು. ಅಳತೆ ನೋಡಿ ನನಗೆ ಆಶ್ಚರ್ಯವಾಯಿತು. ಭಾರಿ ಕುದುರೆ ಇರಬೇಕು ಅಂದುಕೊಂಡು ಹೊಲಿದೆ. ಒಯ್ದ ಮೂರನೇ ದಿನಕ್ಕೆ ಅವರೇ ತಡಿ ಹೊತ್ತುಕೊಂಡು ಬಂದರು. ಕುದುರೆಗೆ ಹಾಕಿದರೆ ಎರಡೂ ಕಡೆ ನೆಲಕ್ಕೆ ತಾಗುತ್ತದಂತೆ.

"ನೀವು ಬರದ ಅಳತಿನ ಇದು. ಕುದುರಿನ ನೀವ ಅಳದೀರಿಲ್ಲೋ?"

ಅವರು ಆಚೆ ಈಚೆ ನೋಡಿ ಮೆಲ್ಲಗೆ ಹೇಳಿದರು: "ಕುದುರಿ ಹತ್ರ ಹೋಗಾಕ ಹೆದರಿಕಿ ಆತ್ರಿ. ಪಕ್ಕದಾಗ ನಮ್ಮ ಎಮ್ಮಿ ಕಟ್ಟಿತ್ತು. ಅದನ್ನ ಅಳದೆ."

"ಹತ್ರ ಹೋಗಾಕ ಹೆದರಿಕಿ ಅಂದ್ರ ನಾಳೆ ಅದರ ಮ್ಯಾಲ ಹತ್ತೋದು ಹೆಂಗ್ರಿ?"

"ಅದಕ್ಕ ಅಲ್ಲೇನ್ರಿ," ಅಂದರು ಅವರು ಸ್ವಲ್ಪ ಬೇಸರದಿಂದಲೇ, "ಭದ್ರ ಇರೋದು ಹೊಲೀರಿ ಅಂತ ಎರಡು ಸಲ ಗೆರಿ ಹೊಡದಿದ್ದು!"

ಮಳೆ ಬಂದ ದಿಕ್ಕು

ಆಮೇಲೆ ಸ್ಪಂಜಿನ ಕಾಲ ಬಂತು. ಹತ್ತಿ ಗಾದಿ ಬಿಟ್ಟು ಎಲ್ಲರೂ ಸ್ಪಂಜು ಕೇಳತೊಡಗಿದರು. ತಂಬ್ರಹಳ್ಳಿ ಕಡೆಯಿಂದ ಒಬ್ಬ ನಿವೃತ್ತ ಡ್ರಿಲ್ ಮಾಸ್ತರರು ಹೆಂಡತಿಯೊಡನೆ ಬಂದರು. ಹೊಲಕ್ಕೆ ಹೋಗಿಬರಲು ಕುದುರೆ ಕೊಂಡಿದ್ದರು. ಗತ್ತಿನ ಮನುಷ್ಯ, ಮಾತಾಡಿದರೆ ಎದುರಿಗಿದ್ದವರು ತಾವಾಗಿ ಸಾಲಾಗಿ ನಿಲ್ಲಬೇಕು ಅನ್ನಿಸುತ್ತಿತ್ತು.

ನಾನು ಮೂರು ತಡಿ ಮುಂದಿಟ್ಟೆ. ಮಾಸ್ತರರು ಒಂದೊಂದನ್ನೂ ಬೆಂಚಿನ ಮೇಲೆ ಹಾಸಿ ಕೂತು ನೋಡಿದರು. ಕಟ್ಟೆಯ ಮೇಲೆ ಹಾಸಿ ಕೂತರು. ಹತ್ತಿ ಮೂಟೆಯ ಮೇಲೆ ಹಾಸಿ, ಕಾಲು ಇಳಿಬಿಟ್ಟು, ಲಗಾಮು ಹಿಡಿದವರ ಹಾಗೆ ಕೈ ಮುಂದೆ ಮಾಡಿ, ಸ್ವಲ್ಪ ಕುಣಿದೂ ನೋಡಿದರು. ಕೊನೆಗೆ ಸ್ಪಂಜಿನದನ್ನು ಎತ್ತಿಕೊಂಡರು.

"ಕುದುರಿಗೂ ಒಂದು ಮಾತು ಕೇಳಿದ್ರ ಆಗ್ತಿತ್ತು," ಅಂದರು ಹೆಂಡತಿ.

"ಸರ್, ಸ್ಪಂಜು ನೀರು ಕುಡೀತೈತ್ರಿ. ಮ್ಯಾಲ ಒಣಗಿದಂಗ ಕಾಣ್ತೈತಿ, ಒಳಗ ಹಂಗ ಇರ್ತೈತಿ. ಹತ್ತಿದು ಒಯ್ಯಿರಿ," ಅಂತ ನಾನೂ ಹೇಳಿದೆ.

"ಇಡೀ ತಾಲ್ಲೂಕಿನ ಹುಡುಗರಿಗೆ ನೆಟ್ಟಗ ಕುಂದ್ರೋದು ಕಲಿಸೀನಿ ನಾನು," ಅಂದರು ಮಾಸ್ತರರು. ನಾನು ಸ್ಪಂಜಿನದನ್ನೇ ಸುತ್ತಿ ಕಟ್ಟಿಕೊಟ್ಟೆ.

ಮುಂದಿನದನ್ನು ಹೇಳಿದ್ದು ಅವರ ಹೆಂಡತಿಯೇ, ಶ್ರಾವಣದಲ್ಲಿ ದಿಂಬು ಹೊಲಿಸಲು ಬಂದಾಗ. ಹಿಂದಿನ ದಿನ ಮಳೆ ಬಿದ್ದಿತ್ತಂತೆ, ತಡಿ ಗೋಡೆಯ ಮೇಲೆ ನೆನೆದಿತ್ತಂತೆ. ಬೆಳಿಗ್ಗೆ ಬಿಸಿಲು ಬಂದು ಮೇಲಿನ ಬಟ್ಟೆ ಗರಿಗರಿಯಾಗಿತ್ತು. ಅವತ್ತು ಮಗಳನ್ನು ಕೊಟ್ಟ ಬೀಗರ ಮನೆಗೆ ಹೊರಟಿದ್ದರು ಮಾಸ್ತರರು. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು. ಬೀಗರು ಸ್ವಲ್ಪ ದೊಡ್ಡಸ್ತಿಕೆಯವರು, ಅವರ ಮುಂದೆ ಮಗಳ ಮರ್ಯಾದೆ ಇರಬೇಕೆಂದು ಕುದುರೆಯ ಮೇಲೆಯೇ ಹೋಗುವುದೆಂದು ನಿಶ್ಚಯ. ಹತ್ತಿ ಕೂತ ಕೂಡಲೇ ತಣ್ಣಗಾಯಿತು, ಆದರೆ ಬೆಳಗಿನ ತಂಪು ಅಂದುಕೊಂಡರು. ಕುದುರೆ ಕುಣಿಯುತ್ತ ಓಡತೊಡಗಿದಾಗ, ಒಂದೊಂದು ಸಲ ಮೇಲೆದ್ದು ಕೂತಾಗಲೂ ಒಳಗಿನ ನೀರು ಪಿಚಕ್ಕನೆ ಮೇಲೆ ಬಂತು. ನಡುದಾರಿಯಲ್ಲಿ ಹಿಂದಿರುಗುವುದೂ ಅವಮಾನ. ಹಾಗೇ ಹೋದರು.

ಬೀಗರ ಮನೆಯ ಮುಂದೆ ಗತ್ತಿನಿಂದ ಇಳಿದರು. ಎದುರಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಬೀಗರು ಕೈಮುಗಿದು ಒಳಗೆ ಕರೆದರು. ಮಾಸ್ತರರು ಗೋಡೆಗೆ ಬೆನ್ನು ಹಾಕಿಯೇ ಅಡ್ಡಡ್ಡ ಹೆಜ್ಜೆ ಇಡುತ್ತ ಪಡಸಾಲೆಗೆ ಬಂದರು. ಕೂರಿ ಅಂದರೆ, ಬೇಡ ನಿಂತೇ ಇರುತ್ತೇನೆ, ಡ್ರಿಲ್ ಅಭ್ಯಾಸ ಅಂದರು. ಆದರೆ ಮಗಳು ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದಾಗ ಎಲ್ಲ ಮರೆತು, ಗೋಡೆ ಬಿಟ್ಟು ಮುಂದೆ ಬಂದು ಅವಳನ್ನೆತ್ತಲು ಬಗ್ಗಿದರು. ಹಿಂದೆ ನಿಂತಿದ್ದ ಬೀಗಿತಿ ಒಂದು ಗಳಿಗೆ ನೋಡಿ, ಬಾಗಿಲ ಹೊರಗಿನ ಶುಭ್ರ ಆಕಾಶ ನೋಡಿ, ಬಹಳ ಕಾಳಜಿಯಿಂದ ಕೇಳಿದರಂತೆ:

"ಬೀಗರ, ನಿಮ್ಮೂರಾಗ ಮಳಿ ಕೆಳಗಿಂದ ಬರ್ತೈತೇನ್ರಿ?"

ಕಟ್ಟಿಕೊಂಡ ಮದುಮಗ

ರೈಲು ನಿಂತು, ಆಟೋಗಳು ಬಂದ ಮೇಲೆ ನಮ್ಮ ಟಾಂಗಾ ಚಾಚಾ ಗಾಡಿ ಮಾರಿ, ಆ ಬಿಳಿ ಕುದುರೆಯನ್ನು ಮಾತ್ರ ಇಟ್ಟುಕೊಂಡು ಮದುಮಕ್ಕಳ ಮೆರವಣಿಗೆಗೆ ಕೊಡತೊಡಗಿದ. ಅದಕ್ಕೆ ಕೆಂಪು ಮಖಮಲ್ಲಿನ ತಡಿ ಹೊಲಿದುಕೊಟ್ಟೆ, ಸುತ್ತ ಜರಿ ಗೊಂಡೆ.

ಒಂದು ಮದುವೆ ಹರಪನಹಳ್ಳಿಯಲ್ಲಿತ್ತು. ಮದುಮಗ ಹಡಗಲಿಯವನು, ಯಾವುದೋ ಕಚೇರಿಯಲ್ಲಿ ಗುಮಾಸ್ತ. ಮದುವೆಗೆ ನಾಲ್ಕು ದಿನ ಇದ್ದಾಗ ಒಬ್ಬನೇ ನನ್ನ ಅಂಗಡಿಗೆ ಬಂದ. ದುಂಡನೆಯ ಆಳು, ತಗ್ಗಿದ ದನಿ.

"ಅಣ್ಣಾರ, ನನಗ ಕುದುರಿ ಅಂದ್ರ ಕೈಕಾಲು ತಣ್ಣಗಾಗ್ತಾವು. ಆದ್ರ ಹುಡುಗಿ ಆಸಿ ಪಟ್ಟಾಳ. ಕುದುರಿ ಮ್ಯಾಲ ಬರ್ಬೇಕು ಅಂತ ಆಕಿ ಕೇಳಿದ್ದು ಅದೊಂದ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

"ತಡಿ ಭದ್ರ ಐತ್ರಿ. ಚಾಚಾ ಲಗಾಮು ಹಿಡಿದಿರ್ತಾನ. ನೀವು ಬೀಳಂಗಿಲ್ಲ."

"ತಡಿ ಬೀಳಂಗಿಲ್ಲ ಅಂತ ನನಗೂ ಗೊತ್ತು. ನಾ ಬೀಳ್ತೀನಲ್ಲ? ನನ್ನ ತಡಿಗೆ ಕಟ್ಟಿಬಿಡ್ರಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡ. ಕೊನೆಗೆ ತಡಿಗೆ ಎರಡು ಅಗಲ ಪಟ್ಟಿ ಹೊಲಿದು, ಕೋಟಿನ ಒಳಗಿಂದ ಸೊಂಟಕ್ಕೆ ಸುತ್ತಿ ಬಕಲು ಹಾಕುವ ಹಾಗೆ ಮಾಡಿದೆ. ಚಾಚಾನಿಗೆ ಇದು ಸರಿಬರಲಿಲ್ಲ. "ಮನುಷ್ಯಾನ್ನ ಕುದುರಿಗೆ ಕಟ್ಟಬಾರದ್ರಿ ಅಣ್ಣಾ. ಅದು ಎಡವಿದ್ರ ಇಬ್ಬರೂ ಹೋದಂಗ," ಅಂದ. ಕಡೆಗೆ, ಕುದುರೆ ಹೆಜ್ಜೆ ಬಿಟ್ಟು ಓಡಬಾರದು, ಪಟಾಕಿ ಹೊಡೆಯಬಾರದು ಅಂತ ಕರಾರು ಮಾಡಿ ಒಪ್ಪಿದ. ಕಟ್ಟಲು ನಾನೇ ಹರಪನಹಳ್ಳಿಗೆ ಹೋದೆ.

ಬೆಳಿಗ್ಗೆ ಮೆರವಣಿಗೆ ಹೊರಟಿತು. ಮೊದಲು ಮದುಮಗ ಉಸಿರೂ ಬಿಡದೆ ಕೂತಿದ್ದ. ಎರಡು ತಿರುವು ದಾಟಿದ ಮೇಲೆ ಧೈರ್ಯ ಬಂತು. ಮೂರನೇ ತಿರುವಿನಲ್ಲಿ ಜನರಿಗೆ ಕೈ ಬೀಸಿದ. ಕಲ್ಯಾಣಮಂಟಪದ ಹತ್ತಿರ ಬಂದಾಗ ಬ್ಯಾಂಡಿನ ತಾಳಕ್ಕೆ ಭುಜವನ್ನೂ ಕುಣಿಸಿದ. ಮಾಳಿಗೆಯ ಕಿಟಕಿಯಲ್ಲಿ ಮದುಮಗಳು ನಿಂತು ನೋಡುತ್ತಿದ್ದಳು. ಅವಳ ಮುಖ ಅರಳಿತ್ತು. ನನಗೂ ಹೆಮ್ಮೆಯಾಯಿತು.

ಬಾಗಿಲಲ್ಲಿ ಅತ್ತೆ ಆರತಿ ಹಿಡಿದು ನಿಂತರು. "ಇಳೀರಿ, ಮುಹೂರ್ತ ಹತ್ರ ಬಂತು," ಅಂದರು ಮದುವೆ ಮಾಡಿಸುವ ಅಯ್ಯನೋರು.

ನಾನು ಮದುಮಗನ ಹೆಗಲ ಮೇಲಿನ ಸಲ್ಲೆ ಸರಿಮಾಡುವ ನೆಪದಲ್ಲಿ ಕೋಟಿನೊಳಗೆ ಕೈಹಾಕಿ ಬಕಲು ಎಳೆದೆ. ಬರಲಿಲ್ಲ. ಕೋಟಿನ ಜರಿ ನೂಲು ಬಕಲಿಗೆ ಸುತ್ತಿಕೊಂಡು ಗಂಟಾಗಿತ್ತು, ಬೆವರಿಗೆ ಪಟ್ಟಿ ಬೇರೆ ಬಿಗಿದಿತ್ತು. ಕತ್ತರಿ ತಂದಿದ್ದೇನೆ ಅಂತ ಜೇಬು ನೋಡಿದರೆ ಅದು ಕೊಟ್ಟೂರಿನಲ್ಲೇ ಇತ್ತು.

"ಇಳೀರಿ ಅಂದ್ರೆ ಯಾಕೆ ಇಳೀವಲ್ರು?" ಅಂತ ಹೆಣ್ಣಿನ ಕಡೆಯವರು ಗುಸುಗುಸು ಶುರುಮಾಡಿದರು. "ಏನಾದ್ರೂ ಬೇಕಂತೇನು?" ಅಂದರು ಒಬ್ಬರು. ಮದುಮಗಳ ಅಪ್ಪನ ಮುಖ ಕಪ್ಪಿಟ್ಟಿತು. ಮದುವೆಗೆ ನಿಂತ ಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಮದುಮಗ ಅಳುವ ಹಾಗಾಗಿ ನನ್ನ ಕಿವಿಯಲ್ಲಿ, "ಅಣ್ಣಾರ, ಏನರ ಮಾಡ್ರಿ," ಅಂದ. ಅಡುಗೆಯವನು ಈಳಿಗೆಯನ್ನೇ ಹಿಡಿದುಕೊಂಡು ಓಡಿಬಂದ. ಅದನ್ನು ನೋಡಿ ಮದುಮಗ ಹೊಟ್ಟೆ ಹಿಡಿದುಕೊಂಡು ಕಿರುಚಿದ.

ಚಾಚಾ ಒಬ್ಬನೇ ಶಾಂತವಾಗಿದ್ದ. "ಮನುಷ್ಯಾನ್ನ ಬಿಚ್ಚಾಕ ಬರವಲ್ದು ಅಂದ್ರ ಕುದುರಿನ ಬಿಚ್ಚಿದ್ರಾತು," ಅಂದವನೇ, ಬಗ್ಗಿ ಕುದುರೆಯ ಹೊಟ್ಟೆಪಟ್ಟಿ ಸಡಿಲಿಸಿದ. ನಾಲ್ಕು ಜನ ಮದುಮಗನನ್ನು ತಡಿಯ ಸಮೇತ ಎತ್ತಿ ನೆಲಕ್ಕೆ ಇಟ್ಟರು.

ಈಗ ಮದುಮಗ ನೆಲದ ಮೇಲಿದ್ದ, ಅವನ ಹಿಂದೆ ಕೆಂಪು ಮಖಮಲ್ಲಿನ ತಡಿ ಗೊಂಡೆ ಅಲ್ಲಾಡಿಸುತ್ತ ನೇತಾಡುತ್ತಿತ್ತು. ಸಲ್ಲೆ ಹೊದಿಸಿದರೆ ಇನ್ನೂ ದೊಡ್ಡದಾಗಿ ಕಂಡಿತು. ಬಿಚ್ಚಲು ಸಮಯವಿಲ್ಲ, ಅಯ್ಯನೋರು ಕೂಗುತ್ತಿದ್ದಾರೆ. ಹಾಗೆಯೇ ನಡೆದ. ಮಣೆಯ ಮೇಲೆ ಕೂತಾಗ ತಡಿ ಕೆಳಗೆ ಮಡಚಿಕೊಂಡು ಮದುಮಗಳಿಗಿಂತ ಒಂದು ಗೇಣು ಎತ್ತರದಲ್ಲಿ ಕೂತ. ಮದುಮಗಳು ತಲೆ ತಗ್ಗಿಸಿದ್ದಳು, ಅವಳ ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ಮುಖ ಎತ್ತಿದಾಗ ನೋಡಿದರೆ, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಮದುಮಗಳ ಅಜ್ಜಿ ಅಲ್ಲೇ ಕಂಬಕ್ಕೆ ಒರಗಿ ಕೂತಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ಚೆನ್ನಾಗಿ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿತು:

"ಅಯ್ಯ, ಅಳಿಯಂದ್ರು ಹಾಸಿಗೆ ಕಟ್ಕಂಡೇ ಬಂದಾರೆ ಕಣ್ರೇ! ಎಷ್ಟು ದಿನ ಇರ್ತಾರೋ ಒಂದೀಟು ಕೇಳ್ರಿ!"

ಕುದುರೆಗೆ ಹೆದರಿ ನನ್ನ ಅಂಗಡಿಯಲ್ಲಿ ಕಣ್ಣೀರು ತಂದುಕೊಂಡಿದ್ದ ಆ ಹುಡುಗ ನಗುತ್ತಿದ್ದ ಹುಡುಗಿಯನ್ನು ಒಮ್ಮೆ ನೋಡಿ, ಅವತ್ತು ಮೊದಲ ಸಲ ಗಟ್ಟಿ ದನಿಯಲ್ಲಿ ಮಾತಾಡಿದ:

"ಯಾರರ ಬಕಲು ಬಿಚ್ಚೋತನಕ ಇರ್ಬೇಕಾಗ್ತೈತಿ, ಅಜ್ಜಿ."